ಆಟೀನ್ ರಾಣಿಯ ಮೂಲೆ

ಎಡಗೈಯ ಉಂಗುರದ ಬೆರಳಿಗೂ ಕಿರುಬೆರಳಿಗೂ ನಡುವೆ ಆಟೀನ್ ರಾಣಿಯ ಹರಿದ ಮೂಲೆಯೊಂದನ್ನು ಸಿಕ್ಕಿಸಿಕೊಂಡು ಎರ್ರಿಸ್ವಾಮಿ ಬಳ್ಳಾರಿಯಲ್ಲಿ ಸಿರುಗುಪ್ಪದ ಬಸ್ಸು ಹತ್ತಿದ. ಇಸ್ಪೀಟಿನ ಎಲೆಯ ಮೂಲೆ ಅದು, ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು. ಬೆರಳುಗಳಿಗೆ ರೂಢಿಯಾಗಲಿ, ಅಲ್ಲೊಂದು ಚೂರು ಇದೆಯೆಂಬುದನ್ನೇ ಅವು ಮರೆಯಲಿ ಎಂದು ಸ್ನಾನವಾದಾಗಿನಿಂದ ಹಾಗೆಯೇ ಇಟ್ಟುಕೊಂಡಿದ್ದ. ವಿಭೂತಿ ಹಚ್ಚಿಕೊಂಡದ್ದು, ಕೋಟಿನ ಗುಂಡಿ ಹಾಕಿಕೊಂಡದ್ದು, ಬೀಗ ಜಡಿದದ್ದು ಎಲ್ಲ ಬಲಗೈ ಒಂದರಲ್ಲೇ. ಬೆರಳುಗಳೇನೂ ಮರೆಯಲಿಲ್ಲ, ಬದಲಿಗೆ ಉಳಿದ ಮೈಯೆಲ್ಲ ಮರೆತುಹೋಗಿ ತಾನು ಎರಡು ಬೆರಳು ಮತ್ತು ಅವುಗಳ ನಡುವಿನ ಬೆವರು ಮಾತ್ರವಾಗಿದ್ದೇನೆ ಅನ್ನಿಸುತ್ತಿತ್ತು. ಯುದ್ಧ ಮುಗಿದು ವರ್ಷವಾದರೂ ಪೆಟ್ರೋಲು ಸಿಗದೆ ಬಸ್ಸು ಇನ್ನೂ ಇದ್ದಿಲ ಹೊಗೆಯಲ್ಲೇ ಓಡುತ್ತಿತ್ತು. ಕೆಮ್ಮುತ್ತ, ನಿಲ್ಲುತ್ತ, ಮತ್ತೆ ಏನೋ ನೆನಪಾದಂತೆ ಹೊರಡುತ್ತಿತ್ತು. ಚಿಲ್ಲರೆ ಕೊಡಲು ಬಂದ ಕಂಡಕ್ಟರು ಅವನ ಮಡಚಿದ ಕೈಯನ್ನು ಕಂಡು, ಏನೂ ಕೇಳದೆ, ತಾನೇ ಚಿಲ್ಲರೆಯನ್ನು ಅವನ ಕೋಟಿನ ಜೇಬಿಗೆ ಹಾಕಿ ಭುಜ ತಟ್ಟಿ ಹೋದ. ಆ ಕರುಣೆಗೆ ಎರ್ರಿಸ್ವಾಮಿಯ ಕಿವಿ ಬಿಸಿಯಾಯಿತು. ಪಕ್ಕದಲ್ಲಿ ಕೂತಿದ್ದ ಮುದುಕಿ ಮಾತ್ರ ಬಿಡಲಿಲ್ಲ.

“ಕೈಗೇನಾಗೈತಪ್ಪ?”

“ಸುಟ್ಟೈತಿ,” ಅಂದ.

“ಅಯ್ಯೋ ಶಿವನ! ಎದರಾಗ?”

“ಸಾರಿನಾಗ.”

“ಹೇಣ್ತಿ ಊರಾಗಿಲ್ಲೇನು?”

ಒಂದು ಸಣ್ಣ ಸುಳ್ಳು ಹೀಗೆ ತಾನಾಗಿಯೇ ನಡೆದು ನಿಜದ ಬಾಗಿಲಿಗೇ ಬಂದು ನಿಂತದ್ದಕ್ಕೆ ಅವನು ಬೆಚ್ಚಿ ಕಿಟಕಿಯ ಕಡೆ ತಿರುಗಿದ. ಹೆಂಡತಿ ಚನ್ನವೀರಮ್ಮ ಊರಲ್ಲಿರಲಿಲ್ಲ. ಗಂಡ ಇಸ್ಪೀಟಿಗೆ ಬಿದ್ದಿದ್ದಾನೆಂದು ಸಿಟ್ಟಾಗಿ ಸಿರುಗುಪ್ಪದ ತವರಿಗೆ ಹೋಗಿ ಕೂತಿದ್ದಳು. ಬಂದು ಜವಾಬು ಕೊಡಬೇಕೆಂದು ಮಾವನಿಂದ ಹೇಳಿಕೆ ಬಂದಿತ್ತು. ಅವನು ಹೊರಟದ್ದು ಆ ಜವಾಬಿಗೆ.

ಇದೆಲ್ಲ ಶುರುವಾದದ್ದು ದಸರೆಗೆ, ಅದೇ ಮಾವ ಕೊಟ್ಟೂರಪ್ಪನವರ ಪಡಸಾಲೆಯಲ್ಲಿ. ಊಟವಾಗಿ ಎಲ್ಲರೂ ಗೋಡೆಗೆ ಒರಗಿದ್ದರು. ಷಡ್ಡಕ ಚಂದ್ರಣ್ಣ ಎದ್ದು ನಿಂತು ಮೊದಲು ನಾಟಕದ ಹಾಡು ಹೇಳಿದ, ಆಮೇಲೆ ರೈಲಿನ ಕೂಗು ಕೂಗಿದ, ತಾಶೀಲ್ದಾರರು ನಶ್ಯ ಏರಿಸುವುದನ್ನು ಮಾಡಿ ತೋರಿಸಿದ. ಅತ್ತೆ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಆಗ ಯಾರೋ, ಕೆಟ್ಟ ಮನಸ್ಸಿನಿಂದಲ್ಲ, “ಸಣ್ಣ ಅಳ್ಯಾರಿಗೆ ಏನು ಬರತೈತಿ?” ಎಂದು ಕೇಳಿದರು. ಪಡಸಾಲೆ ಪೂರ್ತಿ ಅವನ ಕಡೆ ತಿರುಗಿತು. ಎರ್ರಿಸ್ವಾಮಿ ಬಳ್ಳಾರಿಯಲ್ಲಿ ವಕೀಲರೊಬ್ಬರ ಗುಮಾಸ್ತ. ಯೋಚಿಸಿ, ಇದ್ದದ್ದನ್ನೇ ಹೇಳಿದ: “ಅರ್ಜಿ ಬರೀತೀನ್ರಿ.” ಅಂದು ಚಂದ್ರಣ್ಣನ ರೈಲಿಗೂ ಬೀಳದಷ್ಟು ನಗು ಬಿತ್ತು. ತಾನು ಹಾಸ್ಯ ಮಾಡಿದೆನೆಂಬಂತೆ ಅವನೂ ನಕ್ಕ. ನಗುತ್ತಲೇ ನಡುಮನೆಯ ಬಾಗಿಲಿನತ್ತ ನೋಡಿದ. ಅಲ್ಲಿ ಚನ್ನವೀರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು, ಭುಜ ಕುಣಿಸುತ್ತ ನಗುತ್ತಿದ್ದಳು. ಮನೆಯಲ್ಲಿ ಆಕೆ ಹಾಗೆ ನಕ್ಕದ್ದನ್ನು ಅವನು ನೋಡಿಯೇ ಇರಲಿಲ್ಲ. ಆ ನಗು ತನಗೆ ಸೇರಬೇಕಾದದ್ದು, ಆದರೆ ಸೇರಿದ್ದು ಸೇರಬೇಕಾದ ರೀತಿಯಲ್ಲಿ ಅಲ್ಲ. ಬಳ್ಳಾರಿಗೆ ವಾಪಸು ಬರುವಾಗ ದಾರಿಯುದ್ದಕ್ಕೂ ಈ ವಾಕ್ಯವನ್ನು ಅರ್ಜಿಯ ವಾಕ್ಯದಂತೆ ತಿದ್ದುತ್ತ ಕೂತಿದ್ದ.

ಜೋಗಪ್ಪ ಸಿಕ್ಕದ್ದು ಕಂಟೋನ್ಮೆಂಟಿನ ಸೋಡಾ ಅಂಗಡಿಯಲ್ಲಿ. ಹಿಂದೆ ನಾಟಕ ಕಂಪನಿಯೊಂದರಲ್ಲಿ, ಪರದೆಯ ಹಿಂದೆ ಅರಮನೆ ಬಿಚ್ಚಿ ಕಾಡು ಕಟ್ಟುವಷ್ಟು ಹೊತ್ತು ಪರದೆಯ ಮುಂದೆ ನಿಂತು ಜಾದು ತೋರಿಸುತ್ತಿದ್ದವ. ಈಗ ಸೋಡಾ ಮಾರುತ್ತ, ಗಿರಾಕಿ ಇಲ್ಲದಾಗ ಎಲೆ ಹರಿಯುತ್ತ ಕೂತಿರುತ್ತಿದ್ದ. ಅವತ್ತು ಎರ್ರಿಸ್ವಾಮಿಯ ಎದುರಿಗೇ ಒಂದು ಎಲೆಯನ್ನು ನಾಲ್ಕು ಚೂರು ಮಾಡಿ, ಒಂದು ಮೂಲೆಯನ್ನು ಅವನ ಕೈಗಿಟ್ಟು, ಉಳಿದದ್ದನ್ನು ಕರವಸ್ತ್ರದಲ್ಲಿ ಸುತ್ತಿ ಉಫ್ ಎಂದ. ಬಿಚ್ಚಿದರೆ ಎಲೆ ಇಡಿಯಾಗಿತ್ತು, ಮೂಲೆಯೊಂದು ಮಾತ್ರ ಇರಲಿಲ್ಲ. ಕೈಯಲ್ಲಿದ್ದ ಚೂರನ್ನು ಇಟ್ಟು ನೋಡಿದರೆ ಒಂದು ಎಳೆಯೂ ತಪ್ಪದೆ ಕೂತಿತು. ಎರ್ರಿಸ್ವಾಮಿಗೆ ಮೈ ಜುಮ್ಮೆಂದಿತು. ಹರಿದದ್ದು ಕೂಡುವುದನ್ನು ವಕೀಲರ ಮನೆಯಲ್ಲಿ ಅವನು ಕಂಡಿರಲಿಲ್ಲ. ಅಲ್ಲಿಗೆ ಬಂದವರೆಲ್ಲ ಹರಿದುಕೊಂಡು ಬಂದವರು, ಇನ್ನಷ್ಟು ಹರಿದುಕೊಂಡು ಹೋಗುತ್ತಿದ್ದರು. ದಿನಾ ಸಂಜೆ ಸೋಡಾ ಕುಡಿಯತೊಡಗಿದ. ಹೊಟ್ಟೆಯೆಲ್ಲ ಗಾಳಿಯಾದ ಮೇಲೆ ಜೋಗಪ್ಪ ಒಪ್ಪಿಕೊಂಡ.

ಗುಟ್ಟು ಕೇಳಿದಾಗ ನಿರಾಶೆಯಾಯಿತು. ಎಲೆಗಳು ಎರಡು. ಒಂದರ ಮೂಲೆಯನ್ನು ಮೊದಲೇ ಹರಿದು, ಎಲೆಯನ್ನು ಕರವಸ್ತ್ರದ ಮಡಿಕೆಯಲ್ಲೂ ಮೂಲೆಯನ್ನು ಎಡಗೈ ಬೆರಳ ಸಂದಿಯಲ್ಲೂ ಇಟ್ಟುಕೊಂಡಿರಬೇಕು. ನೋಡುವವರ ಎದುರು ಹರಿಯುವುದು ಇನ್ನೊಂದನ್ನು. ಅದರ ಮೂಲೆ ಕಿತ್ತು ಕೊಡುವ ನೆಪದಲ್ಲಿ ಬೆರಳ ಸಂದಿಯ ಮೂಲೆಯನ್ನು ಕೊಡಬೇಕು. ಜೋಗಪ್ಪನ ಕಟ್ಟಿನಲ್ಲಿದ್ದ ಐವತ್ತೆರಡೂ ಆಟೀನ್ ರಾಣಿಯರೇ. ಯಾರು ಯಾವ ಎಲೆ ಎಳೆದರೂ ಆಕೆಯೇ ಬರಬೇಕು. “ಇಷ್ಟೇ ಏನು?” ಎಂದ ಎರ್ರಿಸ್ವಾಮಿ. “ಇಷ್ಟೇ ನಾಯನಾ,” ಎಂದ ಜೋಗಪ್ಪ, “ಮಾಡು ನೋಡಾನ.” ಮಾಡಿದ. ಮೂಲೆ ನೆಲಕ್ಕೆ ಬಿತ್ತು. ಮತ್ತೆ ಮಾಡಿದ, ಈ ಸಲ ಎರಡೂ ಮೂಲೆ ಬಿದ್ದವು. “ನೀ ನಿನ್ನ ಕೈನ ನೋಡಿಕೊಂತ ಕುಂತ್ರ ಮಂದಿ ಮತ್ತೇನು ನೋಡಬೇಕಲೇ? ಕಳ್ಳ ಕದ್ದ ಜೇಬು ಮುಟ್ಟಿಕೊಂಡಂಗ ಮಾಡ್ತಿ!” ಎಂದು ಜೋಗಪ್ಪ ಬೈದ. ಹಾಗೆ ಬೈದು ತೋರಿಸಲು ಹೋದ ಅವನ ಕೈಯಿಂದಲೂ ಮೂಲೆ ಬಿತ್ತು. ಅದಕ್ಕೆ ಅಂಗಡಿಯ ಗಾಳಿ ಕಾರಣವೆಂದ. ಕಂಪನಿಯಲ್ಲಿದ್ದಾಗ ತಾನೊಮ್ಮೆ ದೊರೆಸಾನಿಯೊಬ್ಬಳ ಕೈಗೇ ಮೂಲೆ ಕೊಟ್ಟಿದ್ದೆ, ಆಕೆ ಮೂರ್ಛೆ ಹೋದಳು ಎಂದ. ಮರುದಿನ ಆ ದೊರೆಸಾನಿ ಇಬ್ಬರಾಗಿದ್ದರು.

ಅಭ್ಯಾಸಕ್ಕೆ ಪ್ರತಿ ಸಲವೂ ಇಬ್ಬರು ರಾಣಿಯರು ಸಾಯಬೇಕು. ಆದ್ದರಿಂದ ಮನೆಯಲ್ಲಿ ಎರ್ರಿಸ್ವಾಮಿ ಮೊದಲು ಹಳೆಯ ಕ್ಯಾಲೆಂಡರು ಹರಿದ, ಬೀಡಿಕಟ್ಟಿನ ಕಾಗದ ಹರಿದ, ಒಂದು ದಿನ ಮೈಮರೆತು ವಕೀಲರ ಕಕ್ಷಿದಾರನೊಬ್ಬನ ಮಗಳ ಲಗ್ನಪತ್ರಿಕೆಯನ್ನೂ ಹರಿದ. ಅದು ಕೂಡಲಿಲ್ಲ. ಆಮೇಲೆ ಜೋಗಪ್ಪನಿಂದಲೇ ಒಂದು ಕಟ್ಟು ಕೊಂಡು ರಾಣಿಯರನ್ನು ಹರಿಯತೊಡಗಿದ. ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಹರಿಯುವಾಗ ಹೊರಗೆ ಚನ್ನವೀರಮ್ಮನ ಬಳೆಗಳ ಸದ್ದು ನಿಂತು ಕೇಳಿಸಿಕೊಳ್ಳುತ್ತಿತ್ತು. ಇವನೂ ಒಳಗೆ ನಿಲ್ಲುತ್ತಿದ್ದ. ನಾಲ್ಕು ವರ್ಷದ ಸಂಸಾರದಲ್ಲಿ ಒಬ್ಬರ ಸದ್ದನ್ನೊಬ್ಬರು ಅಷ್ಟು ಗಮನವಿಟ್ಟು ಕೇಳಿದ್ದು ಆಗಲೇ ಇರಬೇಕು. ಕೊನೆಗೆ ಒಂದು ಭಾನುವಾರ ಆಕೆ ಒಗೆಯಲೆಂದು ಕೋಟಿನ ಜೇಬು ಮಗುಚಿದಾಗ ರಾಣಿಯ ಮುಖಗಳು, ಕುತ್ತಿಗೆಗಳು, ಕೈಯಲ್ಲಿ ಹೂವು ಹಿಡಿದ ಅರೆಬರೆ ರಾಣಿಯರು ಕಲ್ಲಿನ ಮೇಲೆ ಉದುರಿದರು.

“ಇಸ್ಪೀಟು ಆಡಾಕ ಹೊಂಟೀರೇನ್ರೀ?”

“ಇಲ್ಲ.”

“ಮತ್ತ ಕಂಟೋನ್ಮೆಂಟಿಗೆ ಯಾಕ ಹೋಗ್ತೀರಿ?”

“ಸೋಡಾ ಕುಡಿಯಾಕ.”

“ನಾ ಏನು ಸಣ್ಣ ಹುಡುಗೀನ್ರೀ? ದಿನಾ ಸೋಡಾ ಕುಡಿಯಾಕ ಅಲ್ಲೀತನಕ ಹೋಗ್ತಾರ?” ಆಕೆ ಚೂರುಗಳನ್ನು ಒಟ್ಟುಮಾಡಿ ಎತ್ತಿ ಹಿಡಿದಳು. “ಎಲ್ಲಾ ಒಬ್ಬಾಕೀನ. ಸೋತ ಸಿಟ್ಟಿಗೆ ಈಕಿನ್ನ ಹರೀತೀರೇನು? ಹೆಣ್ಣ ಮಾರಿ ಹರಿಯಾಕ ಕೈಯಾರ ಹೆಂಗ ಬರತಾವ?”

ಆಗ ಹೇಳಿಬಿಡಬಹುದಿತ್ತು. ನಾಲಗೆಯ ತುದಿಗೆ ಬಂದಿತ್ತು ಕೂಡ. ಆದರೆ ಆಕೆ ಅವನನ್ನು ನೋಡುತ್ತಿದ್ದಳು. ತಟ್ಟೆಯಲ್ಲಿ ಅನ್ನ ಉಳಿಯಿತೋ ಇಲ್ಲವೋ ಎಂದು ನೋಡುವಂತೆ ಅಲ್ಲ, ಪರವೂರಿನವನೊಬ್ಬ ಮನೆಯೊಳಗೆ ಬಂದು ನಿಂತಿದ್ದಾನೆ, ಇವನು ಯಾರು, ಏನು ಮಾಡಬಲ್ಲ ಎಂದು ನೋಡುವಂತೆ. ಎರ್ರಿಸ್ವಾಮಿಗೆ ಹೆದರಿಕೆಯಾಯಿತು, ಹೆದರಿಕೆಯ ಕೆಳಗೆ ಸಣ್ಣಗೆ ಸುಖವೂ ಆಯಿತು. ಅರ್ಜಿ ಬರೆಯುವವನನ್ನು ಯಾರೂ ಹೀಗೆ ನೋಡಿರಲಿಲ್ಲ. ಗಂಟಲು ಸರಿಪಡಿಸಿಕೊಂಡು, ನಾಟಕದವರ ಹಾಗೆ ಮುಖ ತಿರುಗಿಸಿ, “ಎಲ್ಲಾ ಹೇಳಾಕ ಆಗೋದಿಲ್ಲ” ಎಂದುಬಿಟ್ಟ. ಹಾಗೆಂದ ಮರುಕ್ಷಣವೇ ತಾನು ಪಾಪಿ ಅನ್ನಿಸಿತು. ಅದರ ಮರುಕ್ಷಣ, ಮಾತು ಚೆನ್ನಾಗಿತ್ತು ಅನ್ನಿಸಿತು. ಆಕೆ ಮರುದಿನದ ಬಸ್ಸಿಗೆ ತವರಿಗೆ ಹೋದಳು. ಖಾಲಿ ಮನೆಯಲ್ಲಿ ಅವನು ಇನ್ನಷ್ಟು ರಾಣಿಯರನ್ನು ಹರಿದ. ಈಗ ಬಾಗಿಲು ಹಾಕಿಕೊಳ್ಳುವ ಕಾರಣವಿರಲಿಲ್ಲ, ಆದರೂ ಹಾಕಿಕೊಳ್ಳುತ್ತಿದ್ದ. ಹೊರಗೆ ಯಾರೂ ನಿಂತು ಕೇಳುತ್ತಿಲ್ಲವೆಂದು ಗೊತ್ತಾದಾಗ ಕೈ ತಾನಾಗಿಯೇ ಸೋಲುತ್ತಿತ್ತು.

ಕುರುಗೋಡಿನಲ್ಲಿ ಬಸ್ಸು ನೀರು ಕುಡಿಯಲು ನಿಂತಿತು. ಅವನ ತಾಯಿ ಶಿವಬಸಮ್ಮ ಅಲ್ಲೇ ಇದ್ದವಳು, ಸುದ್ದಿ ತಿಳಿದು ಬಸ್ಸಿನ ಬಳಿ ಬಂದು ಕಾದಿದ್ದಳು. ಕಿಟಕಿಯಿಂದ ಒಳಗೆ ಕೈ ಹಾಕಿ ಮಗನ ಕೆನ್ನೆ ಸವರಿದಳು, ಅದೇ ಕೈಯಿಂದ ಕಿವಿ ಹಿಡಿದಳು.

“ನಿಮ್ಮಪ್ಪ ಚೌಕಾಬಾರ ಸೈತ ಆಡಿದಾವಲ್ಲ. ನಿನಗ ಎಲ್ಲಿಂದ ಬಂತೋ ಇದು?”

“ಆಡಿಲ್ಲಬೇ.”

“ಆಡಿದ್ದರ ತಪ್ಪಾತು ಅಂತ ಮಾವನ ಕಾಲಿಗೆ ಬೀಳು. ಆಡಿಲ್ದಿದ್ದರೂ ಬೀಳು. ಸೊಸಿ ಇಲ್ದ ಬಂದ್ಯೋ, ನನ್ನ ಹೊಸ್ತಿಲ ತುಳಿಯಬ್ಯಾಡ.” ಆಮೇಲೆ ಅವನ ಮಡಚಿದ ಬೆರಳು ನೋಡಿ ದನಿ ಇಳಿಸಿದಳು. “ಕೈಗೇನಾತಲೇ?”

ಪಕ್ಕದ ಮುದುಕಿ ಉತ್ತರ ಕೊಟ್ಟಳು: “ಸಾರಿನಾಗ ಸುಟ್ಟಕೊಂಡಾನ ನೋಡವಾ, ಪಾಪ.” ಶಿವಬಸಮ್ಮನ ಕಣ್ಣು ತುಂಬಿತು. ಬಸ್ಸು ಹೊರಟಿತು. ತಾಯಿಯ ಕಣ್ಣೀರನ್ನು ಕೂಡ ಬೆರಳ ಸಂದಿಯಲ್ಲಿ ಅಡಗಿಸಿಟ್ಟುಕೊಂಡು ಹೋಗುತ್ತಿದ್ದೇನಲ್ಲ ಎಂದು ಎರ್ರಿಸ್ವಾಮಿಗೆ ತನ್ನ ಮೇಲೇ ಬೇಸರವಾಯಿತು. ಇವತ್ತು ಎಲೆ ಕೂಡದೆ ಹೋದರೆ? ಹೇಳಿ ಬಿಡಿಸಿಕೊಳ್ಳಬಹುದಾದ ಆಪಾದನೆಯನ್ನು ಮಾಡಿ ತೋರಿಸಿ ಬಿಡಿಸಿಕೊಳ್ಳುತ್ತೇನೆಂದು ಹೊರಟಿದ್ದಾನೆ. ಯಾವ ವಕೀಲನೂ ಇಂಥ ಸಲಹೆ ಕೊಡುತ್ತಿರಲಿಲ್ಲ.

ಸಿರುಗುಪ್ಪದಲ್ಲಿ ಕಾಲಿಟ್ಟಾಗ ಕೊಯ್ದ ಭತ್ತದ ವಾಸನೆ. ಮಾವನ ಮನೆಯಲ್ಲಿ ಮೊದಲು ಕಾಲಿಗೆ ನೀರು ಕೊಟ್ಟರು, ಆಮೇಲೆ ಊಟ ಹಾಕಿದರು. ತಪ್ಪಿತಸ್ಥನಾದರೂ ಅಳಿಯನಾದ್ದರಿಂದ ತುಪ್ಪ ಬಿತ್ತು. ಬಡಿಸಿದ್ದು ಅತ್ತೆ. ಚನ್ನವೀರಮ್ಮ ಕಾಣಿಸಿಕೊಳ್ಳಲಿಲ್ಲ. ಚಂದ್ರಣ್ಣ ಮಾತ್ರ ಮೊದಲೇ ಬಂದಿದ್ದ, ಮೂರನೆಯ ಸಲ ಅನ್ನ ಹಾಕಿಸಿಕೊಳ್ಳುತ್ತ, “ಏನ್ರೀ ಷಡ್ಡಕರ, ರಮ್ಮಿನೋ ಮೂರೆಲೀನೋ?” ಎಂದು ಮೆಲ್ಲಗೆ ಕೇಳಿದ. ಕೈ ತೊಳೆದ ಮೇಲೆ ಪಡಸಾಲೆಯಲ್ಲಿ ಕೂತರು. ಆಗ ಚನ್ನವೀರಮ್ಮ ಎಲೆಯಡಿಕೆಯ ತಟ್ಟೆ ತಂದು ತಂದೆಯ ಪಕ್ಕ ಕೂತಳು. ಗಂಡನ ಕಡೆ ನೋಡಲಿಲ್ಲ. ವೀಳ್ಯದೆಲೆಯ ತೊಟ್ಟು ಮುರಿದು ಸುಣ್ಣ ಸವರತೊಡಗಿದಳು. ತೊಟ್ಟು ಮುರಿಯುವಾಗಿನ ಸಿಟ್ಟು ಮಾತ್ರ ತನ್ನ ಮೇಲಿನದೆಂದು ಅವನಿಗೆ ಗೊತ್ತಾಯಿತು.

ಕೊಟ್ಟೂರಪ್ಪನವರು ರುಮಾಲು ಸರಿಮಾಡಿಕೊಂಡರು. “ಅಳ್ಯಾರ, ಸುತ್ತಿ ಬಳಸಿ ಮಾತಾಡೋದು ನನಗ ಬರೋದಿಲ್ಲ. ಜೇಬಿನಾಗ ಇಸ್ಪೀಟು ಎಲಿ ಇದ್ದದ್ದು ಖರೇನೋ ಸುಳ್ಳೋ?”

“ಖರೇರಿ ಮಾವಾರ. ಈಗ್ಲೂ ಅದಾವ.”

ಅತ್ತೆ “ಶಿವಶಿವಾ” ಎಂದರು. ಎರ್ರಿಸ್ವಾಮಿ ಕಟ್ಟು ತೆಗೆದು, ಬೆನ್ನು ಮೇಲಾಗಿ ಬೀಸಣಿಗೆಯಂತೆ ಬಿಚ್ಚಿ, ಮಾವನ ಮುಂದೆ ಹಿಡಿದ. “ಒಂದು ಎಳೀರಿ.” ದನಿ ನಡುಗದೆ ಬಂದದ್ದು ಅವನಿಗೇ ಆಶ್ಚರ್ಯ. ಜೀವಮಾನದಲ್ಲಿ ಇಸ್ಪೀಟು ಮುಟ್ಟದ ಕೊಟ್ಟೂರಪ್ಪನವರು ಇಲಿಯ ಬಾಲ ಎಳೆಯುವಂತೆ ಎರಡು ಬೆರಳಲ್ಲಿ ಒಂದನ್ನು ಎಳೆದರು. ಆಟೀನ್ ರಾಣಿ. ಕಟ್ಟು ಜೇಬಿಗೆ ಹೋಯಿತು. ಎರ್ರಿಸ್ವಾಮಿ ಎಲೆಯನ್ನು ಎಲ್ಲರಿಗೂ ತೋರಿಸಿ, ಎರಡು ಮಾಡಿದ, ನಾಲ್ಕು ಮಾಡಿದ. ಹರಿಯುವ ಸದ್ದು ಪಡಸಾಲೆಯಲ್ಲಿ ದೊಡ್ಡದಾಗಿ ಕೇಳಿತು. ಮೂಲೆ ಕಿತ್ತ. ಯಾರ ಕೈಗೆ ಕೊಡುವುದೆಂದು ಅವನು ಎಷ್ಟೋ ದಿನದಿಂದ ನಿಶ್ಚಯಿಸಿದ್ದ. “ಇದನ್ನ ಹಿಡಕೊ,” ಎಂದು ಹೆಂಡತಿಯ ಮುಂದೆ ಬಾಗಿದ. ಚನ್ನವೀರಮ್ಮ ತಲೆ ಎತ್ತಿದಳು. ಸ್ನಾನದ ಮನೆಯ ಬಾಗಿಲಾಚೆ ನಿಂತಿರುತ್ತಿದ್ದ ಮುಖ ಇದೇ ಏನು, ಇಷ್ಟು ಹತ್ತಿರದ್ದೇ ಏನು ಎಂದುಕೊಳ್ಳುವಷ್ಟರಲ್ಲಿ ಆಕೆ ಅಂಗೈ ಚಾಚಿದಳು. ಅಂಗೈಯ ಮೇಲೆ ಸುಣ್ಣದ ಬಿಳಿ ಗೆರೆ ಇತ್ತು. ಅವನು ಮೂಲೆಯನ್ನಿಟ್ಟ, ಬೆರಳಿಗೆ ಬೆರಳು ತಾಗಿತು. ಚೂರುಗಳನ್ನು ಕರವಸ್ತ್ರದಲ್ಲಿ ಸುತ್ತಿದ, ಊದಿದ, ಬಿಚ್ಚಿದ. ರಾಣಿ ಇಡಿಯಾಗಿ ಎದ್ದು ಬಂದಳು, ಮೂಲೆಯೊಂದಿಲ್ಲದೆ.

“ಅಯ್ಯಯ್ಯೋ!” ಎಂದರು ಅತ್ತೆ. ಚಂದ್ರಣ್ಣ ಬಾಯಿ ತೆರೆದ. ಅದೇ ಕ್ಷಣದಲ್ಲಿ ಎರ್ರಿಸ್ವಾಮಿಗೆ ತನ್ನ ಎಡಗೈ ಬೆರಳ ಸಂದಿ ಅರಿವಿಗೆ ಬಂತು. ಅಲ್ಲಿ ಮೂಲೆ ಇನ್ನೂ ಇತ್ತು. ಬೆಳಗಿನಿಂದ ಮರೆಯಲಿ ಎಂದು ಕಾಡಿದ್ದನ್ನು ಬೆರಳುಗಳು ಆಕೆಯನ್ನು ಮುಟ್ಟುವ ಹೊತ್ತಿಗೆ ಸರಿಯಾಗಿ ಮರೆತಿದ್ದವು. ಆಕೆಯ ಕೈಯಲ್ಲಿದ್ದದ್ದು ಬೇರೆ ಎಲೆಯ ಮೂಲೆ.

“ಹಚ್ಚಿ ನೋಡವಾ ಚೆನ್ನಿ,” ಎಂದರು ಕೊಟ್ಟೂರಪ್ಪನವರು.

ಚನ್ನವೀರಮ್ಮ ಎಲೆಯನ್ನು ಇಸಿದುಕೊಂಡು ಮೂಲೆ ಹಚ್ಚಿದಳು. ಒಂದು ಕಡೆ ಸಂದಿ ಬಿಟ್ಟಿತು, ಇನ್ನೊಂದು ಕಡೆ ಹಲ್ಲಿನ ಮೇಲೆ ಹಲ್ಲು ಬಂದಂತೆ ಏರಿ ಕೂತಿತು. ಆಕೆ ನೋಡಿದಳು. ಇನ್ನೊಂದು ಬದಿಯಿಂದ ಇಟ್ಟು ನೋಡಿದಳು. ಎರ್ರಿಸ್ವಾಮಿಗೆ ದಸರೆಯ ಪಡಸಾಲೆ, ಅರ್ಜಿ, ಆ ನಗು ಎಲ್ಲ ಮತ್ತೆ ತನ್ನ ಮೇಲೆ ಬೀಳಲು ಸಾಲುಗಟ್ಟಿ ನಿಂತಂತೆ ಕಂಡಿತು. ಆಕೆ ಒಮ್ಮೆ ಅವನ ಮುಖ ನೋಡಿದಳು. ಅಲ್ಲೇನು ಕಂಡಳೋ.

“ಕುಂತೈತಪ್ಪ,” ಅಂದಳು. “ಭಾಳ ಚಂದ ಕುಂತೈತಿ.”

“ತಾ ಇಲ್ಲಿ, ನಾನೂ ನೋಡ್ತೀನಿ. ನನ್ನ ಕನ್ನಡಕ ಎಲ್ಲೈತಿ?” ಕೊಟ್ಟೂರಪ್ಪನವರು ಹಿಂದಿನ ಗೂಡಿನ ಕಡೆ ತಿರುಗಿದರು. ಅತ್ತೆಯೂ ಕನ್ನಡಕ ಹುಡುಕಲು ಎದ್ದರು. ಚಂದ್ರಣ್ಣ ಗೂಡಿನತ್ತ ಕೈ ತೋರಿಸುತ್ತಿದ್ದ. ಎರ್ರಿಸ್ವಾಮಿ ಒಬ್ಬನೇ ನೋಡುತ್ತಿದ್ದ. ಚನ್ನವೀರಮ್ಮ ಮೂಲೆಯನ್ನು ಸುಣ್ಣ ಸವರಿದ ಎಲೆಯ ಮೇಲಿಟ್ಟಳು, ಅಡಿಕೆ ಹಾಕಿದಳು, ಮಡಿಸಿದಳು, ಅವಸರವಿಲ್ಲದೆ ಕೈ ನೀಡಿ, “ಬಾವಾರ, ತಗೋರಿ” ಎಂದು ಚಂದ್ರಣ್ಣನಿಗೆ ಕೊಟ್ಟಳು. ಚಂದ್ರಣ್ಣ ಬಾಯಿಗೆ ಹಾಕಿಕೊಂಡ.

ಕನ್ನಡಕ ಏರಿತು. “ಎಲ್ಲೈತವಾ ಮೂಲಿ?”

“ಇಲ್ಲೇ ಐತಲ್ಲ,” ಎಂದು ಆಕೆ ಅಂಗೈ ಬಿಚ್ಚಿದಳು. ಸುಣ್ಣದ ಗೆರೆ ಬಿಟ್ಟರೆ ಏನೂ ಇರಲಿಲ್ಲ. ಆಕೆ ಕಣ್ಣರಳಿಸಿದಳು, ಬೆರಳುಗಳನ್ನು ಒಂದೊಂದಾಗಿ ನೋಡಿದಳು, ಸೆರಗು ಕೊಡವಿದಳು. “ಈಗಿನ್ನಾ ಇತ್ತಲ್ಲಪ್ಪ! ಎಲ್ಲಿ ಹೋತು?”

ಎಲ್ಲರೂ ಎರ್ರಿಸ್ವಾಮಿಯತ್ತ ತಿರುಗಿದರು. ಜೋಗಪ್ಪ ಕಲಿಸಿದ್ದು ಇಲ್ಲಿಗೆ ಮುಗಿದಿತ್ತು. ಮುಂದೆ ನಡೆದದ್ದು ಯಾರ ಬುದ್ಧಿಯೋ ಅವನಿಗೆ ಕೊನೆತನಕ ತಿಳಿಯಲಿಲ್ಲ. ಎದ್ದು ಮಾವನ ಹತ್ತಿರ ಹೋದ. “ತಪ್ಪು ತಿಳಕೋಬ್ಯಾಡ್ರಿ ಮಾವಾರ,” ಎಂದು ಎಡಗೈಯನ್ನು ಅವರ ರುಮಾಲಿನ ಮಡಿಕೆಗೆ ತೂರಿಸಿ, ಬೆವರಿನಲ್ಲಿ ತೊಯ್ದ ಮೂಲೆಯೊಂದನ್ನು ಹೊರಗೆಳೆದ. ಕೊಟ್ಟೂರಪ್ಪನವರು ಅದನ್ನು ಇಸಿದುಕೊಂಡು ರಾಣಿಗೆ ಹಚ್ಚಿದರು. ಒಂದು ಎಳೆಯೂ ತಪ್ಪದೆ ಕೂತಿತು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ನೋಡಿದರು.

“ನನ್ನ ತಲಿಮ್ಯಾಗಿಂದ ಬಂತಲ್ಲೇ!” ಎಂದು ಹೆಂಡತಿಯತ್ತ ತಿರುಗಿ ಕೂಗಿದರು. ಮಗುವಿನ ಹಾಗೆ ರುಮಾಲು ತಡವಿಕೊಂಡರು. “ಜಾದು ಕಲಿಯಾಕ ಹೋಗ್ಯಾರ, ಇಸ್ಪೀಟು ಅಂತೀರಿ ನೀವು! ಬಾಯಿ ಬಿಟ್ಟು ಹೇಳಬಾರದೇನ್ರಿ ಅಳ್ಯಾರ?” ಅತ್ತೆ ದೃಷ್ಟಿ ತೆಗೆಯಬೇಕೆಂದರು, ಎಲೆಯದ್ದೋ ಅಳಿಯನದ್ದೋ ಹೇಳಲಿಲ್ಲ. ಚಂದ್ರಣ್ಣ ಬಹಳ ಹೊತ್ತಿನಿಂದ ಅಗಿಯುತ್ತಲೇ ಇದ್ದ. “ಎಲಿ ಬಲತೈತೇನವಾ? ನುರಿವಲ್ದು,” ಎಂದ. “ಇದ್ದೀತು ಬಾವಾರ,” ಎಂದಳು ಚನ್ನವೀರಮ್ಮ.

ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಬೇವಿನ ಮರದ ಕೆಳಗೆ ಕಾಯುತ್ತ ನಿಂತರು. ಕಳಿಸಲು ಬಂದಿದ್ದ ಆಳು ಗಂಟು ಇಳಿಸಿ ಹೋಗಿದ್ದ. ಎರ್ರಿಸ್ವಾಮಿಗೆ ಎದೆ ತುಂಬಿ ಬಂದಿತ್ತು. ಕೃತಜ್ಞತೆಯೋ ನಾಚಿಕೆಯೋ, ಎರಡನ್ನೂ ಬೇರ್ಪಡಿಸಲು ಆಗಲಿಲ್ಲ. ಈಗಲಾದರೂ ಕೊಡಬೇಕಾದ್ದನ್ನು ಕೊಟ್ಟುಬಿಡೋಣ ಎಂದು ಜೇಬಿನ ಕಟ್ಟಿಗೆ ಕೈಹಾಕಿದ.

“ಹೆಂಗ ಮಾಡಿದೆ ಅಂತ ಹೇಳ್ತೀನಿ, ಕೇಳು.”

“ಬ್ಯಾಡ್ರಿ.”

“ಯಾಕ?”

“ಎಲಿ ಎರಡದಾವ ಅನ್ನೋದು ನನಗ ಗೊತ್ತಾತು. ಎರಡನೇದು ಎಲ್ಲಿತ್ತು, ಹೆಂಗ ಬಂತು, ಗೊತ್ತಾಗಲಿಲ್ಲ. ಅಷ್ಟು ಇರಲಿ.” ಆಕೆ ರಸ್ತೆಯ ಕಡೆ ನೋಡುತ್ತ, ತುಸು ಯೋಚಿಸಿ ಹೇಳಿದಳು: “ಅದನ್ನೂ ಹೇಳಿಬಿಟ್ರ ನೀವು ಮತ್ತ ಮೊದಲಿನಂಗ ಆಕ್ಕೀರಿ.”

ಮೊದಲು ಹೇಗಿದ್ದೆ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಬಸ್ಸು ಬಂತು. ಬಸ್ಸಿನಲ್ಲಿ ಆಕೆ ಹೆಂಗಸರ ಸಾಲಿನಲ್ಲಿ ಕೂತಳು, ಅವನು ಹಿಂದೆ. ಆ ಮಾತನ್ನು ಒಮ್ಮೆ ಹೊಗಳಿಕೆಯಾಗಿ, ಒಮ್ಮೆ ಬೈಗುಳವಾಗಿ ಹಚ್ಚಿ ನೋಡಿದ. ಎರಡಕ್ಕೂ ಸರಿಯಾಗಿ ಕೂರುತ್ತಿತ್ತು.

ಕುರುಗೋಡಿನಲ್ಲಿ ಇಳಿದರು. ಶಿವಬಸಮ್ಮ ಹೊಸ್ತಿಲಲ್ಲೇ ಸೊಸೆಯ ಮುಖ ಸವರಿ ಲಟಿಕೆ ಮುರಿದಳು. ಒಳಗೆ ಕೂಡಿಸಿ, ನೀರು ಕೊಟ್ಟು, ತಡೆಯಲಾರದೆ ಕೇಳಿದಳು: “ಅಂಥಾದ್ದೇನಾಗಿತ್ತವಾ, ಸಿಟ್ಟು ಮಾಡಿಕೊಂಡು ಹೋಗಿದ್ದಿ?”

“ಸಿಟ್ಟು ಯಾರು ಅಂದ್ರತ್ತಿ?” ಚನ್ನವೀರಮ್ಮ ಲೋಟ ಕೆಳಗಿಟ್ಟಳು. “ನಮ್ಮವ್ವಗ ಮಣಕಾಲು ಹಿಡಕೊಂಡು ನಿಲ್ಲಾಕ ಬರತಿರಲಿಲ್ಲ. ಅದಕ್ಕ ಹೋಗಿದ್ದೆ.”

“ಅಯ್ಯ ಪಾಪ! ಎಡಗಾಲೋ ಬಲಗಾಲೋ?”

“ಬಲಗಾಲು. ಹರಳೆಣ್ಣಿ ಬಿಸಿ ಮಾಡಿ ಹಚ್ಚಿದೆ, ಉಪ್ಪಿನ ಗಂಟಿನ ಕಾವು ಕೊಟ್ಟೆ. ಮೊದಲನೇ ದಿನ ಹಂಗ ಇತ್ತು. ಆಮ್ಯಾಲೆ ನಮ್ಮೂರ ಜಡೆಮ್ಮ ಲಕ್ಕಿ ಸೊಪ್ಪು ಕಟ್ಟು ಅಂದ್ಲು. ಕಟ್ಟಿದ ಮ್ಯಾಲೆ ಇಳೀತು ನೋಡ್ರಿ. ನಿನ್ನಿ ಗುಡಿಗೆ ನಡಕೊಂಡು ಹೋಗಿ ಬಂದ್ಲು.”

ಎರ್ರಿಸ್ವಾಮಿ ಕಂಬಕ್ಕೆ ಒರಗಿದ್ದವನು ನೆಟ್ಟಗಾದ. ಕೆಲವೇ ತಾಸಿನ ಹಿಂದೆ ತನ್ನ ಅತ್ತೆ ಅಡುಗೆಮನೆಗೂ ಪಂಕ್ತಿಗೂ ಹುಡುಗಿಯ ಹಾಗೆ ಓಡಾಡಿ ಬಡಿಸಿದ್ದರು. ಹೆಂಡತಿಯ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ದನಿ ಏರಲಿಲ್ಲ, ಇಳಿಯಲಿಲ್ಲ. ಕಣ್ಣು ಕೈಯತ್ತ ಹೋಗಲಿಲ್ಲ. ಶಿವಬಸಮ್ಮನೋ ಲಕ್ಕಿ ಸೊಪ್ಪು ತನಗೂ ಬೇಕೆನ್ನುತ್ತಿದ್ದಳು. ನಾಲ್ಕು ವರ್ಷ. ತಲೆನೋವೆಂದು ಮಲಗಿದ ಸಂಜೆಗಳು, ಹಸಿವಿಲ್ಲವೆಂದು ಬಿಟ್ಟ ಊಟಗಳು, ನಿಮಗೆ ಸೇರುತ್ತದೆಂದೇ ಮಾಡಿದೆ ಎಂದ ಪಲ್ಯಗಳು, ಯಾಕೆ ಸುಮ್ಮನಿದ್ದೀ ಎಂದು ಕೇಳಿದಾಗೆಲ್ಲ ಏನಿಲ್ಲ ಬಿಡ್ರಿ ಎಂದದ್ದು. ಇಷ್ಟು ದಿನ ಮನೆಯಲ್ಲಿ ಗುಟ್ಟು ಇರುವುದು ತನ್ನೊಬ್ಬನಿಗೇ ಎಂದು ಬೀಗುತ್ತಿದ್ದವನಿಗೆ ನೆಲ ಸ್ವಲ್ಪ ಜಾರಿದಂತಾಯಿತು. ಆದರೆ ಭಯವಾಗಲಿಲ್ಲ. ಹೊಟ್ಟೆಕಿಚ್ಚಾಯಿತು, ಕಂಟೋನ್ಮೆಂಟಿನಲ್ಲಿ ಮೊದಲ ದಿನ ಜೋಗಪ್ಪನ ಕೈ ಕಂಡು ಆದಂಥದ್ದೇ. ಮುಂದಕ್ಕೆ ಬಂದು ನೆಲದ ಮೇಲೆ, ಆಕೆಯ ಮುಖ ಸರಿಯಾಗಿ ಕಾಣುವ ಕಡೆ ಕೂತ.

“ಏನಲೇ, ಹೇಣ್ತಿನ್ನ ಈಗ ಕಂಡಾವನಂಗ ನೋಡಾಕ ಹತ್ತಿ?” ಎಂದಳು ಶಿವಬಸಮ್ಮ.

“ಏನಿಲ್ಲಬೇ,” ಎಂದ ಎರ್ರಿಸ್ವಾಮಿ. “ಕಲಿಯಾಕ ಹತ್ತೀನಿ.”